‘ನೋವಾಯ್ತಾ’ ಅಂತ ಕೇಳಿದವನು

ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳ ಪತ್ರ ಓದಿ ಎರಡು ದಿನ ಸಿಟ್ಟು ಇಳಿಯಲಿಲ್ಲ. ವಯಸ್ಸು 27, ಶಿವಮೊಗ್ಗದಲ್ಲಿ ಕೆಲಸ. ಅಪ್ಪ ತೀರಿಕೊಂಡ ವರ್ಷ ಬಲಗೈ ಮಣಿಕಟ್ಟಿನ ಮೇಲೆ ‘ಪುಟ್ಟಿ’ ಅಂತ ಹಚ್ಚೆ ಹಾಕಿಸಿಕೊಂಡಿದ್ದಾಳೆ. ಅಡಿಕೆ ಲೆಕ್ಕದ ಪುಸ್ತಕದಲ್ಲಿ ಮಗಳ ಫೀಸಿನ ಮುಂದೆ ಅಪ್ಪ ಬರೆಯುತ್ತಿದ್ದ ಹೆಸರು. ಅಕ್ಷರವೂ ಅವರದ್ದೇ, ‘ಟ್ಟಿ’ಯ ಬಾಲ ಸ್ವಲ್ಪ ಉದ್ದ. ಹೆಣ್ಣು ನೋಡಲು ಬಂದವರಿಗೆ ಕಾಫಿ ಕೊಡುವಾಗ ಉದ್ದ ತೋಳು ಜಾರಿ ಅದು ಕಂಡಿತು. ‘ಯಾರು ಹಾಗೆ ಕರೀತಿದ್ದಿದ್ದು?’ ಅಂತ ಒಬ್ಬರು ಕೇಳಿದರಂತೆ. ಇವಳು ಬಾಯಿ ಬಿಡಲಿಲ್ಲ. ಈಗ ಸಂಬಂಧ ಕುದುರಿದೆ, ಆದರೆ ಮದುವೆಗೆ ಮೊದಲು ಹಚ್ಚೆ ಹೋಗಬೇಕಂತೆ.

ಮೊದಲು ನಿನ್ನ ಸೋದರಮಾವನ ವಿಷಯ. ‘ಲೇಸರ್ ಹೊಡೆಸಿದ್ರೆ ಎರಡು ದಿನದ ಕೆಲಸ’ ಅಂತ ನಿನ್ನನ್ನು ಕೇಳದೆ ಮಾತು ಕೊಟ್ಟು ಬಂದರಲ್ಲ, ಇಷ್ಟೂ ರಾದ್ಧಾಂತಕ್ಕೆ ಅವರೇ ಕಾರಣ. ಮಾತೂ ಸುಳ್ಳು. ಹಚ್ಚೆಯ ಮಸಿ ಇರುವುದು ಚರ್ಮದ ಒಳಪದರದಲ್ಲಿ. ಲೇಸರ್ ಅದನ್ನು ಪುಡಿ ಮಾಡುತ್ತದೆ ಅಷ್ಟೇ, ಪುಡಿಯನ್ನು ಸಾಗಿಸುವುದು ಮೈಯೇ, ನಿಧಾನವಾಗಿ. ವಾರಗಟ್ಟಲೆ ಬಿಟ್ಟು ಬಿಟ್ಟು ಹಲವು ಸಲ ಹೋಗಬೇಕು. ನಮ್ಮ ಗೋಧಿ ಬಣ್ಣದ ಚರ್ಮದಲ್ಲಿ ಕಲೆ ಉಳಿದರೂ ಉಳಿಯಿತು.

‘ಅವರ ಅಜ್ಜಿಯ ಮೊಣಕೈವರೆಗೂ ಹಸಿರು ಹಚ್ಚೆ ಇದೆ, ಅದನ್ನೇ ತೋರಿಸಿ ವಾದ ಮಾಡಲಾ?’ ಅಂತ ಕೇಳಿದ್ದೀಯ. ಬೇಡ. ನನ್ನ ಅಜ್ಜಿಗೂ ಇತ್ತು. ಎಂಟು ವರ್ಷದವಳನ್ನು ಇಬ್ಬರು ಹಿಡಿದು ಕೂರಿಸಿದ್ದರಂತೆ. ಹಚ್ಚೆಯವಳು ಹಾಡು ಹೇಳುತ್ತಾ, ಸೂಜಿ ಕಟ್ಟನ್ನು ದೀಪದ ಮಸಿಯಲ್ಲಿ ಅದ್ದಿ ಚುಚ್ಚಿದಳಂತೆ. ಸತ್ತಾಗ ಜೊತೆಗೆ ಬರುವುದು ಅದೊಂದೇ ಅಂತ ಹಿರಿಯರು ಸಮಾಧಾನ ಹೇಳಿದ್ದರು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ನೀನು ಯಾರನ್ನೂ ಕೇಳಲಿಲ್ಲ. ಹುಡುಗನ ಮನೆಯವರಿಗೆ ಚುಚ್ಚುತ್ತಿರುವುದು ಇದೇ, ಮಸಿಯಲ್ಲ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಿಂದ ಯಾವನೋ ಹುಡುಗ ತೋಳಿನ ಮೇಲೆ ‘ಅಮ್ಮ’ ಅಂತ ಹಾಕಿಸಿಕೊಂಡು ಬರಲಿ, ತಾಯಿ ಮೇಲೆ ಎಷ್ಟು ಪ್ರೀತಿ ಅಂತಾರೆ. ನೀನು ಬರೆಯುವಾಗೆಲ್ಲ ಕಣ್ಣಿಗೆ ಬೀಳಲಿ ಅಂತ ಮಣಿಕಟ್ಟಿಗೆ ಹಾಕಿಸಿಕೊಂಡೆ. ನೋಡಿದವರು ತಮಗೆ ತೋರಿಸಲಿಕ್ಕೆ ಅಂದುಕೊಂಡರು.

ಹಾಗಂತ ನಿನ್ನದೂ ಪೂರ್ತಿ ಸರಿಯಿಲ್ಲ. ಸೆಕೆಯಲ್ಲಿ ಉದ್ದ ತೋಳಿನ ಬ್ಲೌಸ್ ಹಾಕಿ ಮುಚ್ಚಿಟ್ಟಿದ್ದು ತಪ್ಪು. ಅಮ್ಮ ಹಾಕಿಸಿದ್ದು ಅಂತೀಯ. ಅಮ್ಮನಿಗೆ ಮಗಳ ಮದುವೆ ಚಿಂತೆ, ಬಿಡು. ಮುಚ್ಚಿಟ್ಟದ್ದು ತಾನಾಗಿ ಕಂಡರೆ ಕೆಟ್ಟದಾಗಿಯೇ ಕಾಣುತ್ತದೆ. ಇದನ್ನು ಇದೇ ಅಂಕಣದಲ್ಲಿ ಬರೆದೂ ಬರೆದೂ ನನಗೇ ಬೇಜಾರಾಗಿದೆ.

ಈಗ ನೀನು ಪತ್ರದ ಕೊನೆಗೆ ತುರುಕಿದ ಸಾಲಿಗೆ ಬರೋಣ. ‘ಹುಡುಗ ಮಾತ್ರ, ಹಾಕಿಸ್ಕೊಳ್ಳುವಾಗ ನೋವಾಯ್ತಾ ಅಂತ ಪೆದ್ದುಪೆದ್ದಾಗಿ ಕೇಳಿದ. ನಾನು ಸುಮ್ನೆ ಒಳಗೆ ಹೋದೆ.’ ಪೆದ್ದು ಯಾರಮ್ಮಾ? ಅಷ್ಟು ಜನ ಕೂತಿದ್ದ ಜಗಲಿಯಲ್ಲಿ ನಿನ್ನ ಬಗ್ಗೆ ಕೇಳಿದವನು ಅವನೊಬ್ಬನೇ, ಅಲ್ವಾ? ಉಳಿದವರೆಲ್ಲ ಕೇಳಿದ್ದು ಕೈಯ ಬಗ್ಗೆ.

ಶನಿವಾರ ಲೇಸರ್‌ಗೆ ಹೋಗಬೇಡ. ಇವತ್ತು ರಾತ್ರಿ ಅವನಿಗೆ ಫೋನ್ ಮಾಡಿ ಆ ಪ್ರಶ್ನೆಗೆ ಉತ್ತರ ಕೊಡು. ವಾಟ್ಸಾಪ್ ಅಲ್ಲ, ಫೋನ್. ಎಷ್ಟು ನೋವಾಯ್ತು, ಅದು ಯಾರ ಅಕ್ಷರ, ಎಲ್ಲ ಹೇಳು. ಲೆಕ್ಕದ ಪುಸ್ತಕದ ಫೋಟೋ ಬೇಕಾದರೆ ಆಮೇಲೆ ಕಳಿಸು.