ಕೇಳಿದ ಪ್ರಶ್ನೆ ತಪ್ಪಲ್ಲ, ಆಡಿದ ಮಾತು ನೋಯಿಸಿದೆ

ಪ್ರಶ್ನೆ: ಮದುವೆಯಾಗಿ 10 ವರ್ಷ ತುಂಬಿದ ಸಂದರ್ಭದಲ್ಲಿ ನಾವಿಬ್ಬರೂ ಇಟಲಿ ಪ್ರವಾಸಕ್ಕೆ ಹೋಗಿದ್ದೆವು. ಕೊನೆಯ ರಾತ್ರಿಗೆಂದು ನನ್ನ ಪತಿ ನನಗೆ ತಿಳಿಸದೆ ವೆನಿಸ್‌ನ ಒಂದು ದುಬಾರಿ ರೆಸ್ಟೊರೆಂಟಿನಲ್ಲಿ ಟೇಬಲ್ ಕಾದಿರಿಸಿದ್ದರು. ಪರಿಚಾರಕ ಹಸಿ ಮೀನೊಂದನ್ನು ತಟ್ಟೆಯಲ್ಲಿಟ್ಟು ತಂದು ತೋರಿಸಿದಾಗ ಅವರು ಸಂತೋಷದಿಂದ ತಲೆಯಾಡಿಸಿದರು. ಮೆನುವಿನಲ್ಲಿ ಅದರ ಎದುರು 9 ಯೂರೊ ಎಂದಿದ್ದುದನ್ನು ಕಂಡು ನಾನೂ ಸುಮ್ಮನಿದ್ದೆ. ಬಿಲ್ಲಿನಲ್ಲಿ ಆ ಮೀನೊಂದಕ್ಕೇ 99 ಯೂರೊ ಹಾಕಿದ್ದರು, ಜೊತೆಗೆ ತಲಾ 5 ಯೂರೊ ಬೇರೊಂದು ಶುಲ್ಕ. ನಾನು ಪರಿಚಾರಕನನ್ನು ಕರೆದು ಕೇಳಿದೆ, ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಪತಿ ಮಾತನಾಡದೆ ಕಾರ್ಡ್ ಕೊಟ್ಟು, ಮೇಲೆ 20 ಯೂರೊ ಟಿಪ್ಸ್ ಇಟ್ಟು ಎದ್ದರು. ‘ಇಂಥ ಜಾಗಗಳು ನಮ್ಮಂಥವರಿಗಲ್ಲ’ ಎಂದು ನಾನು ಹೇಳಿದ್ದೂ ಉಂಟು. ಊರಿಗೆ ಮರಳಿ ತಿಂಗಳಾಯಿತು, ಅವರು ಪ್ರವಾಸದ ಮಾತೇ ಎತ್ತುವುದಿಲ್ಲ. ಒಮ್ಮೆ ಮಾತ್ರ ‘ಎಲ್ಲರೆದುರು ನನ್ನ ಮಾನ ಕಳೆದೆ’ ಎಂದರು. ಇಬ್ಬರೂ ದುಡಿಯುತ್ತೇವೆ, ಖರ್ಚಾದ ಹಣ ಇಬ್ಬರದೂ. ನಾನು ಕೇಳಿದ್ದು ತಪ್ಪೇ? ಕ್ಷಮೆ ಕೇಳಬೇಕೇ?

ಉತ್ತರ: ಬಿಲ್ಲಿನ ಬಗ್ಗೆ ಕೇಳಿದ್ದು ತಪ್ಪಲ್ಲ. ತಾನು ಕೊಡುತ್ತಿರುವ ಹಣ ಯಾವುದಕ್ಕೆ ಎಂದು ವಿಚಾರಿಸುವ ಹಕ್ಕು ಎಷ್ಟೇ ದೊಡ್ಡ ರೆಸ್ಟೊರೆಂಟಿನಲ್ಲಿ ಕುಳಿತವರಿಗೂ ಇರುತ್ತದೆ. ಹಣ ಇಬ್ಬರ ದುಡಿಮೆಯದಾಗಿರುವಾಗ ನೀವು ಪತಿಯ ಅನುಮತಿಗೆ ಕಾಯಬೇಕಾಗಿಯೂ ಇರಲಿಲ್ಲ. ಆ ಪ್ರಶ್ನೆಗಾಗಿ ಕ್ಷಮೆ ಕೇಳಬೇಡಿ. ಮನಸ್ಸಿನಲ್ಲಿಲ್ಲದ ಕ್ಷಮೆಯನ್ನು ಮನೆಯ ನೆಮ್ಮದಿಗೆಂದು ಕೇಳಿದರೆ ಅದು ಮುಂದೊಂದು ದಿನ ಬೇರೆ ಯಾವುದೋ ಜಗಳದಲ್ಲಿ ಕೋಪವಾಗಿ ಹೊರಬರುತ್ತದೆ.

ಮೋಸಹೋದೆವೆಂಬ ಸಂಕಟ ನಿಮ್ಮ ಪತ್ರದಲ್ಲಿ ಇನ್ನೂ ಕಾಣುತ್ತಿರುವುದರಿಂದ ಮೊದಲು ಆ 99 ಯೂರೊಗಳ ಲೆಕ್ಕ ಮುಗಿಸೋಣ. ಇಟಲಿಯ ರೆಸ್ಟೊರೆಂಟುಗಳಲ್ಲಿ ಇಡಿಯಾಗಿ ಬೇಯಿಸುವ ಮೀನಿಗೆ ಅನೇಕ ಕಡೆ ತೂಕದ ಮೇಲೆ ಬೆಲೆ ಕಟ್ಟುತ್ತಾರೆ. ಮೆನುವಿನಲ್ಲಿ ಅಂಕಿಯ ಪಕ್ಕ ‘ಎತ್ತೊ’ ಎಂದೋ ‘ಎಚ್‌ಜಿ’ ಎಂದೋ ಸಣ್ಣದಾಗಿ ಬರೆದಿದ್ದರೆ ಅದು 100 ಗ್ರಾಂಗೆ ತಗಲುವ ಬೆಲೆ. ಹಾಗಿದ್ದಲ್ಲಿ ನಿಮ್ಮ ಮೀನು 1 ಕಿಲೊ 100 ಗ್ರಾಂ ತೂಗಿರಬೇಕು, ಲೆಕ್ಕ ಸರಿಹೊಂದುತ್ತದೆ. ಬೇಯಿಸುವ ಮೊದಲು ಅದನ್ನು ತಂದು ತೋರಿಸುವುದು ತಾಜಾ ಎಂದು ಮನವರಿಕೆ ಮಾಡಲು ಮಾತ್ರವಲ್ಲ, ಗಾತ್ರ ನೋಡಿ ಬೇಕು ಬೇಡ ಎನ್ನಲು ನಮಗೆ ಸಿಗುವ ಅವಕಾಶವೂ ಹೌದು. ‘ಎಷ್ಟು ತೂಗುತ್ತದೆ, ಒಟ್ಟು ಎಷ್ಟಾಗುತ್ತದೆ’ ಎಂದು ಆಗ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ತಲಾ 5 ಯೂರೊ ‘ಕೊಪೆರ್ತೊ’ ಇರಬೇಕು. ಟೇಬಲ್ಲಿಗೆ ಕುಳಿತವರಿಂದ ತೆಗೆದುಕೊಳ್ಳುವ ಈ ಶುಲ್ಕವನ್ನು ಮೆನುವಿನಲ್ಲಿ ನಮೂದಿಸಿರುತ್ತಾರೆ. ಟಿಪ್ಸ್ ಅಲ್ಲಿ ಕಡ್ಡಾಯವಲ್ಲ.

ಕಡ್ಡಾಯವಲ್ಲದ ಆ 20 ಯೂರೊಗಳನ್ನು ನಿಮ್ಮ ಪತಿ ಏಕೆ ಇಟ್ಟರು ಎಂಬುದನ್ನು ಯೋಚಿಸಿ ನೋಡಿ. ನಿಮ್ಮ ಕಣ್ಣಿಗೆ ಅದು ಗಾಯದ ಮೇಲೆ ಬರೆಯೆಂಬಂತೆ ಕಂಡಿರಬಹುದು, ನನಗೆ ಅದರಲ್ಲಿ ನಾಚಿಕೆಯೇ ಹೆಚ್ಚು ಕಾಣುತ್ತದೆ. ಆ ಸಂಜೆಯನ್ನು ನಿಮಗಾಗಿ ಗುಟ್ಟಾಗಿ ಏರ್ಪಡಿಸಿದವರು ಅವರು. ಮೀನಿನ ತಟ್ಟೆ ಎದುರಿಗೆ ಬಂದಾಗ ತೂಕ ಕೇಳುವುದಕ್ಕೆ ಸಂಕೋಚವಾಗಿರಬೇಕು, ಹೆಂಡತಿಯ ಮುಂದೆ ಎಲ್ಲ ಬಲ್ಲವರಂತೆ ಕಾಣುವ ಆಸೆಯೂ ಇದ್ದಿರಬೇಕು. ಹೀಗೆ ತಲೆಯಾಡಿಸುವವರನ್ನು ಎಲ್ಲ ದೇಶಗಳಲ್ಲೂ ಕಾಣಬಹುದು. ಬಿಲ್ಲು ಬಂದಾಗ ಅವರು ತಮ್ಮ ತಪ್ಪನ್ನು ತಾವೇ ಕಂಡುಕೊಂಡಿದ್ದರು ಎಂದೇ ನನ್ನ ಊಹೆ.

ನೀವು ಒಂದೇ ಸಾಲಿನಲ್ಲಿ ದಾಟಿಹೋಗಿರುವ ಮಾತು ಬಿದ್ದದ್ದು ಸರಿಯಾಗಿ ಅದೇ ಗಳಿಗೆಯಲ್ಲಿ. ಪರಿಚಾರಕನಿಗೆ ಕೇಳಿದ್ದು ಹಣದ ಪ್ರಶ್ನೆ. ‘ಇಂಥ ಜಾಗಗಳು ನಮ್ಮಂಥವರಿಗಲ್ಲ’ ಎಂಬುದಾದರೋ ನಿಮ್ಮನ್ನು ಅಲ್ಲಿಗೆ ಕರೆದೊಯ್ದವರ ಆಸೆಯ ಮೇಲೆ ಕೊಟ್ಟ ತೀರ್ಪು. ಅವರು ‘ಎಲ್ಲರೆದುರು’ ಎಂದು ಹೇಳಿದರೂ, ಪಕ್ಕದ ಟೇಬಲ್ಲಿನ ಅಪರಿಚಿತರು ತಿರುಗಿ ನೋಡಿದ್ದಕ್ಕೆ ಯಾರೂ ತಿಂಗಳುಗಟ್ಟಲೆ ಮೌನವಾಗುವುದಿಲ್ಲ. ಕ್ಷಮೆ ಕೇಳಬೇಕಾದದ್ದು ಆ ಒಂದು ಮಾತಿಗೆ, ಅಷ್ಟಕ್ಕೆ ಮಾತ್ರ.

ಕೇಳುವಾಗ ‘ನಾನು ಅಂದದ್ದು ತಪ್ಪು, ಆದರೆ ನೀವೂ ನೋಡಬೇಕಿತ್ತು’ ಎಂದು ಶುರುಮಾಡಬೇಡಿ. ‘ಆದರೆ’ ಬಂದ ಕೂಡಲೇ ಮೊದಲರ್ಧ ಅಳಿಸಿಹೋಗುತ್ತದೆ. ಅವರು ನಿಮಗೆ ಹೇಳದೆ ಟೇಬಲ್ ಕಾದಿರಿಸಿದ್ದು ಒಂದು ಕ್ಷಣವಾದರೂ ನಿಮಗೆ ಹಿತವಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಬಿಲ್ಲು ಕಂಡಾಗ ನಿಮಗಾದ ಗಾಬರಿಯನ್ನೂ ಮುಚ್ಚಿಡಬೇಡಿ. ಮೆನುವನ್ನು ನೀವೂ ತಪ್ಪಾಗಿ ಓದಿದ್ದಿರಿ ಎಂಬುದು ಅವರಿಗೆ ಗೊತ್ತಿಲ್ಲದಿರಬಹುದು. ಇಡೀ ಮೀನು 9 ಯೂರೊಗೇ ಸಿಗುತ್ತದೆಂದು ನಂಬಿ ನೀವಿಬ್ಬರೂ ಒಟ್ಟಿಗೇ ಎಡವಿದ್ದೀರಿ ಎಂದು ತಿಳಿದರೆ ಅವರ ಮನಸ್ಸು ಎಷ್ಟೋ ಹಗುರವಾಗುತ್ತದೆ.

ಎಲ್ಲ ಭಾರವನ್ನೂ ನಿಮ್ಮ ಮೇಲೆ ಹಾಕಲು ನಾನು ಸಿದ್ಧಳಿಲ್ಲ. ಒಂದು ತಿಂಗಳ ಮೌನ ಶಿಕ್ಷೆಯಾಗಿಬಿಡುತ್ತದೆ. ನಿಮ್ಮ ಮಾತಿನ ನಂತರವೂ ಅವರು ಅದನ್ನೇ ಮುಂದುವರಿಸಿದರೆ ‘ನನಗೂ ಇದು ನೋಯುತ್ತಿದೆ’ ಎಂದು ನೇರವಾಗಿ ಹೇಳಿಬಿಡಿ. ಹಣದ ಬಗ್ಗೆ ಹೆಂಡತಿ ಪ್ರಶ್ನೆ ಕೇಳಿದರೆ ಗಂಡನ ಮಾನ ಹೋಗುತ್ತದೆಂಬ ಎಣಿಕೆ ಅವರಲ್ಲಿದ್ದರೆ ಅದನ್ನು ಅವರೇ ತಿದ್ದಿಕೊಳ್ಳಬೇಕು.

ಮುಂದಿನ ಪ್ರವಾಸದಲ್ಲಿ ಅವರು ಮತ್ತೆ ಅಚ್ಚರಿಯ ಊಟ ಏರ್ಪಡಿಸಲಿ, ಜಾಗ ಗುಟ್ಟಾಗಿಯೇ ಇರಲಿ. ಆ ರಾತ್ರಿ ಎಷ್ಟರವರೆಗೆ ಖರ್ಚು ಮಾಡಬಹುದೆಂಬ ಮೊತ್ತವನ್ನು ಮಾತ್ರ ಇಬ್ಬರೂ ಕೋಣೆಯಿಂದ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಇಟಾಲಿಯನ್ ಮೆನುವಿನಲ್ಲಿ ಆಂತಿಪಾಸ್ತಿ (ಆರಂಭದ ತಿನಿಸು), ಪ್ರಿಮಿ (ಪಾಸ್ತಾ, ಅಕ್ಕಿಯ ರಿಸೊತ್ತೊ ಮುಂತಾದವು), ಸೆಕೊಂದಿ (ಮೀನು, ಮಾಂಸ), ದೊಲ್ಚಿ (ಸಿಹಿ) ಎಂದು ನಾಲ್ಕಾರು ಸುತ್ತುಗಳಿರುತ್ತವೆ. ಎಲ್ಲವನ್ನೂ ತರಿಸಲೇಬೇಕೆಂಬ ನಿಯಮವಿಲ್ಲ, ಮೊದಲನೆಯದನ್ನು ಹಂಚಿಕೊಂಡು ತಲಾ ಒಂದು ಪಾಸ್ತಾ ಅಥವಾ ರಿಸೊತ್ತೊ ತಿಂದು ಎದ್ದರೂ ಅದು ಪೂರ್ಣ ಊಟವೇ. ಬೆಲೆ ಕೇಳುವ ಕೆಲಸ ಯಾರದೆಂದೂ ಮೊದಲೇ ಮಾತನಾಡಿಕೊಳ್ಳಿ. ಅವರಿಗೆ ಸಂಕೋಚವೆನಿಸಿದರೆ ನೀವೇ ಕೇಳಿ, ಬಿಲ್ಲು ಬಂದ ಮೇಲಲ್ಲ, ಮೀನು ಇನ್ನೂ ತಟ್ಟೆಯಲ್ಲಿ ಹಸಿಯಾಗಿರುವಾಗ.