72 ಕಿಲೋ ತೂಕ ಹೆಚ್ಚೇ, ಕಡಿಮೆಯೇ?

ಪ್ರಶ್ನೆ: ಮಾನ್ಯರೇ, ನನಗೆ 26 ವರ್ಷ. ಎತ್ತರ 170 ಸೆಂ.ಮೀ., ತೂಕ 72 ಕಿಲೋ, ಸೊಂಟ 80 ಸೆಂ.ಮೀ. ನಾಲ್ಕು ವರ್ಷಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಯಾವ ಇಂಜೆಕ್ಷನ್ನೂ ತೆಗೆದುಕೊಂಡಿಲ್ಲ. ಕೆಲಸದ ಕಡೆಯ ಆರೋಗ್ಯ ತಪಾಸಣೆಯಲ್ಲಿ ‘ಅಧಿಕ ತೂಕ’ ಎಂದು ಬರೆದುಕೊಟ್ಟರು. ಜಿಮ್‌ನ ಹಿರಿಯರೊಬ್ಬರು, 90 ಕಿಲೋ ಆಗದೆ ದೇಹದಾರ್ಢ್ಯ ಸ್ಪರ್ಧೆಗೆ ಇಳಿಯುವಂತಿಲ್ಲ, ಅದಕ್ಕೆ ಸ್ನಾಯು ಬೆಳೆಸುವ ಸ್ಟೀರಾಯ್ಡ್ ಔಷಧಿಯ ‘ಕೋರ್ಸ್’ ಮಾಡಲೇಬೇಕು ಎನ್ನುತ್ತಾರೆ. ಯಾರ ಮಾತು ಸರಿ?
– ಓದುಗ, ಮಲ್ಪೆ

ಉತ್ತರ: ಎರಡೂ ಮಾತು ನಿಮಗೆ ಹೊಂದುವುದಿಲ್ಲ. ನಿಮ್ಮ ಬಿಎಂಐ (ಕಿಲೋ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 24.9, ಭಾರತೀಯರಿಗೆ 23 ದಾಟಿದರೆ ಅಧಿಕ ತೂಕವೆಂದು ಲೆಕ್ಕ. ಆದರೆ ಆ ಲೆಕ್ಕ ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸುವುದಿಲ್ಲ. ಭಾರತೀಯ ಪುರುಷರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಗೆರೆ 90 ಸೆಂ.ಮೀ.; ನೀವು ಅದರಿಂದ ಬಹಳ ಕೆಳಗಿದ್ದೀರಿ.

ಸ್ನಾಯುವಿನ ಮಟ್ಟ ತಿಳಿಯಲು ಇನ್ನೊಂದು ದಾರಿಯಿದೆ. ಕೊಬ್ಬನ್ನು ಕಳೆದು ಉಳಿಯುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ನಿಮ್ಮಲ್ಲಿ ಕೊಬ್ಬು ಶೇ. 14ರಷ್ಟಿದೆಯೆಂದು ಹಿಡಿದರೆ ಉಳಿಯುವುದು 62 ಕಿಲೋ, ಅದನ್ನು 2.89ರಿಂದ (1.7 × 1.7) ಭಾಗಿಸಿದರೆ ಸುಮಾರು 21.5 ಬರುತ್ತದೆ. ಇದು ನಾಲ್ಕು ವರ್ಷಗಳ ಶ್ರಮಕ್ಕೆ ತಕ್ಕ ಅಂಕಿಯೇ. 1995ರಲ್ಲಿ ಪ್ರಕಟವಾದ, 157 ಪುರುಷ ಕ್ರೀಡಾಪಟುಗಳ ಮೇಲಿನ ಅಮೆರಿಕದ ಅಧ್ಯಯನವೊಂದರಲ್ಲಿ ಸ್ಟೀರಾಯ್ಡ್ ಬಳಸದವರ ಅಂಕಿ ಹೆಚ್ಚೆಂದರೆ 25ರ ಆಸುಪಾಸಿನಲ್ಲಿ ನಿಂತಿತ್ತು. ಅದೇನೂ ಕಲ್ಲಿನ ಗೋಡೆಯಲ್ಲ, ಆದರೂ ಶೇಕಡಾ ಇಷ್ಟೇ ಕೊಬ್ಬಿನೊಂದಿಗೆ ನೀವು 90 ಕಿಲೋ ತೂಗಿದರೆ ಅಂಕಿ 26.8 ಆಗುತ್ತದೆ. ಸಹಜವಾಗಿ ಅಲ್ಲಿಗೆ ತಲುಪುವ ದೇಹ ಅತಿ ವಿರಳ.

ಸ್ಪರ್ಧೆಗೆ 90 ಕಿಲೋ ಬೇಕೆಂಬುದೂ ತಪ್ಪು, ಏಕೆಂದರೆ ಅಲ್ಲಿ ತೂಕದ ವಿಭಾಗಗಳಿರುತ್ತವೆ. ಕೊಬ್ಬನ್ನು ಶೇ. 7ಕ್ಕೆ ಇಳಿಸಿ ವೇದಿಕೆ ಹತ್ತಿದರೆ ಇದೇ ಸ್ನಾಯುವಿನೊಂದಿಗೆ ನೀವು ತೂಗುವುದು 67 ಕಿಲೋ ಮಾತ್ರ. ಆ ಮಟ್ಟವನ್ನೂ ಸ್ಪರ್ಧೆಯ ದಿನಗಳಾಚೆಗೆ ಉಳಿಸಿಕೊಳ್ಳುವುದು ಆರೋಗ್ಯಕರವಲ್ಲ. ‘ಕೋರ್ಸ್’ ಮಾಡಿದರೆ ದೇಹ ತನ್ನ ಟೆಸ್ಟೊಸ್ಟಿರಾನ್ (ಪುರುಷ ಹಾರ್ಮೋನು) ಉತ್ಪಾದನೆಯನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಕುಗ್ಗುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಹೃದಯದ ಸ್ನಾಯು ದಪ್ಪವಾಗಬಹುದು. ಇಪ್ಪತ್ತಾರರ ಹುಡುಗನಿಗೆ ಇದನ್ನು ಸಲಹೆಯೆಂದು ಕೊಡುವುದು ಕಂಡರೆ ನನಗೆ ಸಂಕಟವಾಗುತ್ತದೆ. ದಯವಿಟ್ಟು ಒಪ್ಪಬೇಡಿ.

ಮುಂದಿನ ಎರಡು ಮೂರು ವರ್ಷಗಳಲ್ಲಿ 75–76 ಕಿಲೋ ನಿಮಗೆ ತಕ್ಕ ಗುರಿ. ಕಿಲೋ ತೂಕಕ್ಕೆ 1.6 ಗ್ರಾಂನಂತೆ ದಿನಕ್ಕೆ 115 ಗ್ರಾಂ ಪ್ರೋಟೀನ್ ಸಾಕು. ಬಂಗುಡೆಯಾಗಲಿ ಬೂತಾಯಿಯಾಗಲಿ, 100 ಗ್ರಾಂ ಮೀನಿನ ಮಾಂಸದಲ್ಲಿ ಸುಮಾರು 20 ಗ್ರಾಂ ಸಿಗುತ್ತದೆ. ಜೂನ್, ಜುಲೈಯಲ್ಲಿ ಟ್ರಾಲ್ ದೋಣಿಗಳು ಬಂದರಿನಲ್ಲೇ ನಿಂತಾಗ ಮೊಟ್ಟೆ, ಹೆಸರುಕಾಳು, ಮೊಸರಿನ ಪಾಲು ಹೆಚ್ಚಿಸಿಕೊಳ್ಳಿ. ಕುಚ್ಚಲಕ್ಕಿ ಅನ್ನವನ್ನು ಬಿಡಬೇಕಿಲ್ಲ, ಭಾರ ಎತ್ತುವ ಶಕ್ತಿ ಅಲ್ಲಿಂದಲೇ ಬರಬೇಕು.

ತಿಂಗಳಿಗೊಮ್ಮೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಉಸಿರು ಬಿಟ್ಟ ಮೇಲೆ, ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಅಳೆಯಿರಿ. ತೂಕ ಏರಿ ಸೊಂಟ ಹಾಗೆಯೇ ಇದ್ದರೆ ಬಂದದ್ದು ಹೆಚ್ಚಾಗಿ ಸ್ನಾಯು. ಎರಡೂ ಒಟ್ಟಿಗೆ ಏರುತ್ತಿದ್ದರೆ ಊಟವನ್ನು ತುಸು ಇಳಿಸಿ.