ಕೆಮ್ನಿಟ್ಸ್ ಸೀಟು ಬಿಡಬೇಡ, ತಮ್ಮಾ

ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಎಂಎಸ್ ಸೀಟು ಸಿಕ್ಕಿದೆ, ಅಲ್ಲಿ ಹಿಟ್ಲರ್‌ನ ವಿಚಾರ ಈಗಲೂ ಹಿಡಿದುಕೊಂಡಿರುವ ನವನಾಜಿಗಳ ಹಾವಳಿ ಅಂತ ವಿಡಿಯೋ ನೋಡಿ ಗೋಕಾಕದ ಮನೆಯಲ್ಲಿ ಎಲ್ಲರೂ ಬೇಡ ಅನ್ನುತ್ತಿದ್ದಾರೆ, ಆ ನವನಾಜಿಗಳನ್ನು ತಡೆಯೋರೇ ಇಲ್ವಾ ಅಂತ ಕೇಳಿದ್ದೀಯ. ನಾನು ಬೆಳಗಾವಿ ತಿಲಕವಾಡಿಯವನು, ಈಗ ಕೆಮ್ನಿಟ್ಸ್ ಇರುವ ಸ್ಯಾಕ್ಸನಿ ರಾಜ್ಯದಲ್ಲೇ ಸಂಸಾರ. ಸೀಟು ಬಿಡಬೇಡ.

ಹಾಗಂತ ಮನೆಯವರ ಭಯ ಸುಳ್ಳಲ್ಲ. 2007ರ ಆಗಸ್ಟ್‌ನಲ್ಲಿ ಇದೇ ರಾಜ್ಯದ ಮ್ಯೂಗೆಲ್ನ್ ಎಂಬ ಸಣ್ಣ ಊರಿನ ಹಬ್ಬದಲ್ಲಿ ಎಂಟು ಜನ ಭಾರತೀಯರನ್ನು ಗುಂಪೊಂದು ಅಟ್ಟಾಡಿಸಿ ಹೊಡೆಯಿತು. ಅವರು ಪಿಜ್ಜಾ ಅಂಗಡಿಗೆ ನುಗ್ಗಿ ಉಳಿದುಕೊಂಡರು. 2018ರಲ್ಲಿ ಕೆಮ್ನಿಟ್ಸ್‌ನಲ್ಲೂ ದೊಡ್ಡ ಗಲಾಟೆಯಾಯಿತು.

ತಡೆಯೋರು ಇದ್ದಾರೆ. ಬೆಳಗಾವಿಯವರಿಗೆ ಅವರ ಕೆಲಸ ಬೇಗ ಅರ್ಥವಾಗುತ್ತದೆ. ನವೆಂಬರ್ 1 ಬಂತೆಂದರೆ ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವ, ಇನ್ನೊಂದು ಕಡೆ ಎಂಇಎಸ್‌ನವರ ಕರಾಳ ದಿನ. ಗದ್ದಲವಾದಾಗ ಕಲ್ಲು ಹಿಡಿದ ಎಷ್ಟೋ ಹುಡುಗರಿಗೆ ಗಡಿ ವಿವಾದದ ಬುಡ ತುದಿ ಗೊತ್ತಿರೋದಿಲ್ಲ. ಗೆಳೆಯರು ಹೋದರು, ಇವನೂ ಹೋದ. ಅದಕ್ಕೂ ನಾಜಿ ವಿಚಾರಕ್ಕೂ ಹೋಲಿಕೆಯಿಲ್ಲ, ಬಿಡು. ಆದರೆ ಹುಡುಗ ಗುಂಪಿಗೆ ಬೀಳುವ ದಾರಿ ಇಲ್ಲೂ ಹಾಗೇ. ಮೊದಲು ಗೆಳೆತನ, ಹಾಡು, ಬಿಯರ್. ಸಿದ್ಧಾಂತ ಆಮೇಲೆ. ಅದಕ್ಕೇ ವಾದದಲ್ಲಿ ಸೋಲಿಸಿದರೆ ಅವನು ಹೊರಗೆ ಬರೋದಿಲ್ಲ. ಬಂದರೆ ಕೂರೋಕೆ ಇನ್ನೊಂದು ಕಟ್ಟೆ ಬೇಕು.

ಆ ಕಟ್ಟೆ ಹಾಕುವವರಲ್ಲಿ ಎಕ್ಸಿಟ್ ಡಾಯ್ಚ್‌ಲ್ಯಾಂಡ್ ಎಂಬ ಸಂಸ್ಥೆ ಒಂದು. 2000ರಲ್ಲಿ ಮಾಜಿ ಪೊಲೀಸ್ ಅಧಿಕಾರಿ ಬೆರ್ನ್ಡ್ ವಾಗ್ನರ್ ಮತ್ತು ಮಾಜಿ ನವನಾಜಿ ಇಂಗೋ ಹಾಸೆಲ್‌ಬಾಖ್ ಸೇರಿ ಶುರುಮಾಡಿದ್ದು. ಇವರು ಯಾರನ್ನೂ ಎಳೆದು ತರೋದಿಲ್ಲ. ಸಾಕಾಯಿತು ಅನಿಸಿದವನೇ ಬರಬೇಕು. ಬಂದವನಿಗೆ ಹಳೇ ಸಂಗಡಿಗರಿಂದ ರಕ್ಷಣೆ ಹೇಗೆ, ಮುಂದಿನ ಬದುಕು ಹೇಗೆ ಅಂತ ದಾರಿ ತೋರುತ್ತಾರೆ, ಹಿಂದೆ ಮಾಡಿದ್ದನ್ನೂ ಎದುರಿಸುವಂತೆ ಮಾಡುತ್ತಾರೆ. 2011ರಲ್ಲಿ ಇವರು ಮಾಡಿದ ಕಿತಾಪತಿ ನನಗೆ ಬಲು ಇಷ್ಟ. ಗೇರಾ ಊರಿನ ನವನಾಜಿ ಸಂಗೀತೋತ್ಸವದಲ್ಲಿ 250 ಟೀಶರ್ಟ್ ಪುಕ್ಕಟೆ ಹಂಚಿಸಿದರು. ಮೇಲೆ ತಲೆಬುರುಡೆ, ಬಾವುಟ. ಹುಡುಗರು ಖುಷಿಯಿಂದ ಒಯ್ದರು. ಒಗೆದಾಗ ಬಣ್ಣ ಹೋಗಿ ಒಳಗಿನ ಬರಹ ಕಾಣಿಸಿತು: ನಿನ್ನ ಟೀಶರ್ಟ್ ಕೈಲಾಗಿದ್ದು ನಿನ್ನ ಕೈಲೂ ಆಗುತ್ತದೆ, ಬಿಟ್ಟು ಬರೋಕೆ ನಾವು ನೆರವಾಗುತ್ತೇವೆ.

ನಮ್ಮ ವರ್ಕ್‌ಶಾಪ್‌ಗೆ ಟ್ರೇನಿಂಗ್‌ಗೆ ಬಂದ ಹುಡುಗನೊಬ್ಬ ಟೂಲ್ ಬಾಕ್ಸ್ ಮೇಲೆ 88 ಅಂತ ಸ್ಟಿಕ್ಕರ್ ಹಚ್ಚಿದ್ದ. ಎಚ್ ಎಂಟನೇ ಅಕ್ಷರ, ಎರಡು ಎಚ್ ಅಂದರೆ ಹೈಲ್ ಹಿಟ್ಲರ್. ಮ್ಯಾನೇಜರ್ ಸಲಹೆಗಾರರನ್ನು ಕರೆಸಿದರು. ಇಂಥದ್ದಕ್ಕೆಂದೇ ಪ್ರತಿ ರಾಜ್ಯದಲ್ಲೂ ಸಲಹಾ ತಂಡಗಳಿವೆ. ಅವರು ಮೊದಲು ಕೂತದ್ದು ಹುಡುಗನ ಜೊತೆಯಲ್ಲ, ಮೇಸ್ತ್ರಿಗಳ ಜೊತೆ. ಸ್ಟಿಕ್ಕರ್ ತೆಗೆಸಿ, ಆದರೆ ಊಟಕ್ಕೆ ಅವನೊಬ್ಬನನ್ನೇ ಬಿಡಬೇಡಿ ಅಂದರು. ಮನಸ್ಸು ತಿರುಗಿತು ಅಂತ ಹೇಳೋಕೆ ನನಗೆ ಧೈರ್ಯವಿಲ್ಲ. ಈಗ ನನ್ನ ಚಟ್ನಿಪುಡಿಗೆ ಕೈ ಚಾಚುತ್ತಾನೆ, ಅಷ್ಟು ಸಾಕು.

ನಿನಗೆ ಇಷ್ಟು ಹೇಳುತ್ತೇನೆ. ರಾತ್ರಿ ಟ್ರಾಮ್‌ನಲ್ಲಿ ಡ್ರೈವರ್ ಹತ್ತಿರ ಕೂರು, ಕುಡಿದವರ ಜೊತೆ ವಾದ ಬೇಡ. ಬೇರೆಯವರನ್ನು ಕಾಡುತ್ತಿದ್ದರೆ ಕಾಡುವವನನ್ನು ಕೆಣಕಬೇಡ. ಸಿಕ್ಕಿಬಿದ್ದವರ ಪಕ್ಕ ಹೋಗಿ ನಿಂತು ಅವರ ಜೊತೆ ಮಾತಾಡು. ಪೊಲೀಸ್ ನಂಬರ್ 110. ಏನಾದರೂ ಆದರೆ ಇಂಥ ದಾಳಿಗೆ ಸಿಕ್ಕವರಿಗೆ ನೆರವಾಗುವ ಆರ್‌ಎಎ ಸ್ಯಾಕ್ಸನಿ ಸಂಸ್ಥೆಯವರು ದೂರು, ವಕೀಲರು ಎಲ್ಲದಕ್ಕೂ ಜೊತೆಗಿರುತ್ತಾರೆ, ದುಡ್ಡು ಕೇಳೋದಿಲ್ಲ. ಬರೋ ಮುಂಚೆ ಜರ್ಮನ್ ಭಾಷೆಯ ಬಿ1, ಅಂದರೆ ಮಧ್ಯಮ ಹಂತ, ಮುಗಿಸಿಕೋ. ಪೊಲೀಸರಿಗೆ ನಡೆದದ್ದನ್ನು ಹೇಳೋಕೆ ಅಷ್ಟಾದರೂ ಬೇಕು.